ಹಣದ ಲೆಕ್ಕ, ಮನೆಯ ನೆಮ್ಮದಿ

(ಪಾಲಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)

 

ಭಾಷೆ ಕಲಿಸುವ ಶಿಕ್ಷಕಿಗೆ ಹಣಕಾಸಿನ ವಿಷಯವನ್ನು ಏಕೆ ಕೊಟ್ಟರು ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ನಾನು ಬಿ.ಇಡಿ. ಮಾಡಿದವಳು, ಬಿ.ಕಾಂ. ಮಾಡಿದವಳಲ್ಲ. ಆದರೆ ಉರ್ದು, ಕನ್ನಡ ಎರಡನ್ನೂ ಓದಿ ಬರೆಯಬಲ್ಲ ಶಿಕ್ಷಕಿ ಒಂದು ಓಣಿಯಲ್ಲಿದ್ದರೆ ಆಕೆಯ ಮನೆಗೆ ಎಂತೆಂಥ ಕಾಗದಗಳು ಬರುತ್ತವೆ ಎಂಬುದು ಈ ವೃತ್ತಿಯಲ್ಲಿರುವವರಿಗೆ ಗೊತ್ತು. ಬ್ಯಾಂಕಿನ ನೋಟಿಸು, ವಿಮೆಯ ಪಾಲಿಸಿ, ಗುಂಪು ಸಾಲದ ಕಾರ್ಡು, ಬಂಗಾರ ಒತ್ತೆ ಇಟ್ಟ ಚೀಟಿ, ಆಸ್ಪತ್ರೆಯ ಬಿಲ್ಲು. ಕೆಲವರು "ಅಕ್ಕೋರ, ಇದನ್ನ ಸ್ವಲ್ಪ ಓದಿ ಹೇಳ್ರಿ" ಎನ್ನುತ್ತಾರೆ, ಕೆಲವರು "ಆಪಾ" ಎಂದು ಕರೆದು ಕೈಗೆ ಕೊಡುತ್ತಾರೆ. ಕಾಗದ ಓದಲು ಐದು ನಿಮಿಷ ಸಾಕು. ಅದರ ಹಿಂದಿರುವ ಮಾತನ್ನು ಕೇಳಲು ಒಂದು ತಾಸಾದರೂ ಬೇಕಾಗುತ್ತದೆ.

ಒಬ್ಬ ತಾಯಿ ಮೂರು ಸಾಲದ ಕಾರ್ಡುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದರು. ಮೊದಲನೆಯ ಸಾಲ ಹೊಲಿಗೆ ಯಂತ್ರಕ್ಕೆ. ಎರಡನೆಯದು ಮೊದಲನೆಯದರ ಕಂತು ಕಟ್ಟಲು. ಮೂರನೆಯದು ಎರಡನೆಯದರ ಸಲುವಾಗಿ. ಮೂರೂ ಕಂತು ಕೂಡಿಸಿದರೆ ತಿಂಗಳಿಗೆ 8,400 ರೂಪಾಯಿ. ಗಂಡನ ಹಮಾಲಿ, ಆಕೆಯ ಹೊಲಿಗೆ ಎರಡೂ ಸೇರಿ ಮನೆಗೆ ಬರುವುದು ಒಳ್ಳೆಯ ತಿಂಗಳಲ್ಲಿ 14,000. ನಾನು ಕೂಡಿಸಿ ತೋರಿಸಿದ ಮೇಲೆ ಆಕೆ ಹೇಳಿದ ಮೊದಲ ಮಾತು, "ಉನೊಂಕು ನಕ್ಕೊ ಬೋಲೊ ಆಪಾ." ಅವರಿಗೆ, ಅಂದರೆ ಗಂಡನಿಗೆ, ಹೇಳಬೇಡಿ ಎಂದು. ಎಂಟನೆಯ ತರಗತಿಯಲ್ಲಿದ್ದ ಮಗನನ್ನು ಶಾಲೆ ಬಿಡಿಸಿ ಗ್ಯಾರೇಜಿಗೆ ಕಳಿಸುವ ಮಾತು ಆ ಮನೆಯಲ್ಲಿ ಆಗಲೇ ಶುರುವಾಗಿತ್ತು. ಹಣಕಾಸಿನ ವಿಷಯ ಶಾಲೆಯ ವಿಷಯವೂ ಹೌದು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ನನಗೆ ಬೇಕಿಲ್ಲ.

ಆ ತಾಯಿಗೆ ಸಾಲ ಕೊಟ್ಟವರು ಮೂವರು. ಮೂವರಲ್ಲಿ ಒಬ್ಬರಾದರೂ ಆಕೆಯ ಮನೆಯ ಜಗಲಿಯ ಮೇಲೆ ಕುಳಿತು "ಅಮ್ಮಾ, ಈ ಹಣ ಯಾತಕ್ಕೆ? ಈಗಾಗಲೇ ಎಷ್ಟು ಕಟ್ಟುತ್ತಿದ್ದೀರಿ?" ಎಂದು ಕೇಳಿದ್ದರೆ ಎರಡನೆಯ ಸಾಲವೇ ಹುಟ್ಟುತ್ತಿರಲಿಲ್ಲ. ಹಣದ ವ್ಯವಹಾರದಲ್ಲಿ ಲೆಕ್ಕವೂ ಬೇಕು, ಕೇಳುವ ಮನುಷ್ಯನೂ ಬೇಕು. ಎರಡರಲ್ಲಿ ಒಂದು ತಪ್ಪಿದರೂ ಮನೆ ಮುರಿಯುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ, ಮತ್ತು ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ.

ನಮ್ಮ ಗದಗ ತಾಲೂಕಿನ ಕಣಗಿನಹಾಳ ಗ್ರಾಮದ ಹೆಸರು ಕೇಳಿದ್ದೀರಿ. ಏಷ್ಯಾದಲ್ಲಿಯೇ ಮೊದಲನೆಯದೆಂದು ಹೆಸರಾದ ಕೃಷಿ ಪತ್ತಿನ ಸಹಕಾರಿ ಸಂಘ 1905ರಲ್ಲಿ ಅಲ್ಲಿ ಸ್ಥಾಪನೆಯಾಯಿತು. ಅದರ ರೂವಾರಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. ಆಗ ಗದಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಬರಗಾಲಗಳು ಕಳೆದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ರೈತರು ಬಿತ್ತನೆಗೂ ಸಾಲ, ಉಣ್ಣಲಿಕ್ಕೂ ಸಾಲ ಎಂದು ಸಾಹುಕಾರರ ವಹಿಯಲ್ಲಿ ಸಿಕ್ಕಿಬಿದ್ದಿದ್ದರು. ಆ ವಹಿಯನ್ನು ಬರೆಯುವವನು ಸಾಹುಕಾರ, ಓದುವವನೂ ಅವನೇ. ಸಾಲಗಾರನದು ಹೆಬ್ಬೆಟ್ಟು ಮಾತ್ರ. 1875ರಲ್ಲಿ ಪುಣೆ, ಅಹಮದನಗರ ಕಡೆಯ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿದಾಗ ಮೊದಲು ಹುಡುಕಿ ಸುಟ್ಟದ್ದು ಸಾಲಪತ್ರಗಳನ್ನೇ ಎಂಬುದನ್ನು ಇತಿಹಾಸದ ಪಾಠದಲ್ಲಿ ನಾವು ಓದುತ್ತೇವೆ.

1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯ ಒಳಗಿರುವ ಒಂದು ವಿಚಾರವನ್ನು ನೀವು ಗಮನಿಸಬೇಕು. ಕನಿಷ್ಠ ಹತ್ತು ಜನ ಸೇರಿ ಸಂಘ ಕಟ್ಟಬಹುದಿತ್ತು. ಆದರೆ ಅವರು ಒಂದೇ ಊರಿನವರೋ ಒಂದೇ ಸಮುದಾಯದವರೋ ಆಗಿರಬೇಕು. ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆಗಾರಿಕೆಗೆ ಮಿತಿಯಿರಲಿಲ್ಲ. ಅಂದರೆ ಒಬ್ಬ ಮುಳುಗಿದರೆ ಉಳಿದವರೂ ತಮ್ಮ ಆಸ್ತಿಯಿಂದ ತುಂಬಿಕೊಡಬೇಕು. ಜರ್ಮನಿಯಲ್ಲಿ ರೈಫೈಸನ್ ಎಂಬುವರು ಹಳ್ಳಿಯ ರೈತರಿಗಾಗಿ ಕಟ್ಟಿದ ಪತ್ತಿನ ಸಂಘಗಳ ಮಾದರಿ ಇದು. ಕೇಳಲು ಕಠಿಣವೆನಿಸುತ್ತದೆ. ಆದರೆ ಇದರ ಪರಿಣಾಮ ನೋಡಿರಿ: ನಿಮ್ಮ ಸಾಲಕ್ಕೆ ನಾನೂ ಹೊಣೆ ಎಂದಾದರೆ ನಿಮ್ಮ ಎತ್ತು ಸತ್ತದ್ದು, ನಿಮ್ಮ ಮನೆಯಲ್ಲಿ ಜ್ವರ ಬಂದದ್ದು, ನಿಮ್ಮ ಮಗ ಜೂಜಿಗೆ ಬಿದ್ದದ್ದು ಎಲ್ಲವೂ ನನಗೆ ಸಂಬಂಧಿಸಿದ ವಿಷಯವೇ. ಸಾಲ ಕೊಡುವ ಮೊದಲೇ ನಾನು ನಿಮ್ಮನ್ನು ವಿಚಾರಿಸುತ್ತೇನೆ. ಪ್ರೀತಿಯಿಂದಲೋ ಹೆದರಿಕೆಯಿಂದಲೋ, ಒಟ್ಟಿನಲ್ಲಿ ವಿಚಾರಿಸುತ್ತೇನೆ. ಅದರ ಜೊತೆಗೆ ಸಂಘದ ವಹಿ ಎಲ್ಲ ಸದಸ್ಯರಿಗೂ ತೆರೆದದ್ದು, ಸರಕಾರದ ಲೆಕ್ಕ ತಪಾಸಣೆಗೆ ಒಳಪಟ್ಟದ್ದು. ನೆರೆಹೊರೆಯ ನಂಟು, ತೆರೆದ ವಹಿ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದ್ದು ಕಣಗಿನಹಾಳದಂಥ ಸಂಘಗಳ ದೊಡ್ಡಸ್ತಿಕೆ.

ಇನ್ನೊಂದು ಉದಾಹರಣೆ ಕರಾವಳಿಯದು. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಅವರು ಸೇರಿ ಒಂದು ಸಣ್ಣ ಬ್ಯಾಂಕು ಕಟ್ಟಿದರು. ಕೈಮಗ್ಗದ ಕೆಲಸ ಕುಸಿದು ಕಷ್ಟಕ್ಕೆ ಬಿದ್ದಿದ್ದ ಅಲ್ಲಿಯ ನೇಕಾರರಿಗೆ ನೆರವಾಗುವುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದು. ಬೆಟಗೇರಿಯವರಿಗೆ ಮಗ್ಗದ ಕಷ್ಟವೇನೆಂದು ನಾನು ವಿವರಿಸಬೇಕಾಗಿಲ್ಲ. ಆ ಬ್ಯಾಂಕೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ಆರಂಭಿಸಿದರು. ಏಜೆಂಟನು ದಿನಾಲು ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಹಣವನ್ನೂ ತೆಗೆದುಕೊಂಡು ಬರೆದುಕೊಳ್ಳುತ್ತಿದ್ದನು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವನ ಬಾಗಿಲಿಗೆ ಬ್ಯಾಂಕೇ ನಡೆದು ಬಂತು.

ಇಂದಿಗೂ ನಮ್ಮ ಪೇಟೆಗಳಲ್ಲಿ ಸಂಜೆ ಹೊತ್ತು ಚೀಲ ಹಾಕಿಕೊಂಡು ಅಂಗಡಿಯಿಂದ ಅಂಗಡಿಗೆ ಹೋಗುವ ಪಿಗ್ಮಿಯವರನ್ನು ನೀವು ನೋಡುತ್ತೀರಿ. ನಾನು ಅವರನ್ನು ಬಹಳ ಗೌರವಿಸುತ್ತೇನೆ. ಯಾವ ಅಂಗಡಿ ನಾಲ್ಕು ದಿನದಿಂದ ಬಾಗಿಲು ತೆಗೆದಿಲ್ಲ, ಯಾವ ಮನೆಯ ಯಜಮಾನರಿಗೆ ಶುಗರ್ ಏರಿದೆ, ಯಾರು ಐವತ್ತು ಕಟ್ಟುತ್ತಿದ್ದವರು ಹತ್ತಕ್ಕೆ ಇಳಿದಿದ್ದಾರೆ ಎಂಬುದು ಅವರಿಗೆ ಗೊತ್ತು. ಒಳ್ಳೆಯ ಪಿಗ್ಮಿಯವನು "ಯಾಕ್ರಿ ಕಾಕಾ, ಈ ವಾರ ಕಡಿಮೆ ಆತಲ್ಲ?" ಎಂದು ಕೇಳುತ್ತಾನೆ. ದೊಡ್ಡ ಊರುಗಳಲ್ಲಿ ಹಣಕಾಸಿನ ಸಲಹೆಗಾರರು ಗ್ರಾಹಕರ ಕ್ಷೇಮ ಎಂದು ಈಗ ಏನನ್ನು ಮಾತನಾಡುತ್ತಾರೋ ಅದರ ಮೊದಲ ಪಾಠ ಆ ಒಂದು ಪ್ರಶ್ನೆಯಲ್ಲಿದೆ. ಆದರೆ ನೀವು ಕೊಟ್ಟ ಹಣ ಯಂತ್ರದ ಚೀಟಿಯಲ್ಲೋ ಕಾರ್ಡಿನಲ್ಲೋ ಆ ಹೊತ್ತಿಗೇ ಬಂದಿದೆಯೇ ಎಂದು ನೋಡಿಕೊಳ್ಳುವುದನ್ನು ಬಿಡಬೇಡಿರಿ. ನೋಡಿಕೊಂಡರೆ ಅವನಿಗೆ ಅವಮಾನವಾಗುತ್ತದೆ ಎಂದು ತಿಳಿಯಬಾರದು. ಪ್ರಾಮಾಣಿಕನಿಗೆ ಅದರಿಂದ ರಕ್ಷಣೆಯೇ.

ಈ ಸಂಕೋಚ ನಮ್ಮ ಸಮಾಜದಲ್ಲಿ ಬಹಳ ಇದೆ. "ನಮ್ಮವರೇ ಅಲ್ಲವೇ, ಬರೆಸಿಕೊಳ್ಳುವುದು ಹೇಗೆ?" ಎನ್ನುತ್ತೇವೆ. ಪವಿತ್ರ ಕುರಾನಿನ ಅತ್ಯಂತ ಉದ್ದವಾದ ಆಯತ್ ಯಾವುದರ ಬಗ್ಗೆ ಇದೆ ಎಂದು ಮಕ್ಕಳನ್ನು ಕೇಳಿದರೆ ನಮಾಜು, ರೋಜಾ, ಹಜ್ ಎಂದು ಊಹಿಸುತ್ತಾರೆ. ಅದು ಸೂರೆ ಬಕರಾದ 282ನೆಯ ಆಯತ್, ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು ಎನ್ನುವುದರ ಬಗ್ಗೆ. ಅದಕ್ಕಿಂತ ಎರಡು ಆಯತ್ ಹಿಂದೆ, ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡುವ ಮಾತಿದೆ. ಮೊದಲು ಕರುಣೆ, ಎರಡು ಹೆಜ್ಜೆಯಲ್ಲಿ ಕಾಗದ. ಇದು ಒಂದು ಧರ್ಮದವರ ಮಾತಷ್ಟೇ ಎಂದು ತಿಳಿಯಬೇಡಿ. ಮುಂಡರಗಿ ತಾಲೂಕಿನ ಡಂಬಳದಲ್ಲಿ 1095ರ ಒಂದು ಶಾಸನವಿದೆ. ಹದಿನಾರು ಮಂದಿ ಶೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರಕ್ಕೆ ಬಿಟ್ಟ ದತ್ತಿಯನ್ನು ಅದರಲ್ಲಿ ದಾಖಲಿಸಿದ್ದಾರೆ. ದಾನವನ್ನೂ ಕಲ್ಲಿನಲ್ಲಿ ಕೊರೆಸಿಟ್ಟ ಮಣ್ಣು ಇದು.

ಬರೆಸಿಕೊಳ್ಳದೆ, ಕೇಳದೆ, ಬರೀ ವಿಶ್ವಾಸದ ಮೇಲೆ ಹಣ ಕೊಟ್ಟರೆ ಏನಾಗುತ್ತದೆ ಎಂಬುದನ್ನು 2019ರ ಜೂನ್ ತಿಂಗಳು ಇಡೀ ಕರ್ನಾಟಕಕ್ಕೆ ತೋರಿಸಿತು. ಬೆಂಗಳೂರಿನ ಐಎಂಎ ಸಂಸ್ಥೆಯ ಮಾಲೀಕರು ದೇಶ ಬಿಟ್ಟು ದುಬೈಗೆ ಹೋದರು, ಮರುತಿಂಗಳು ದೆಹಲಿಯಲ್ಲಿ ಬಂಧಿತರಾದರು. ದೂರು ಕೊಟ್ಟವರ ಸಂಖ್ಯೆ 40,000ವನ್ನು ದಾಟಿತು. ಬಡ್ಡಿಯಿಲ್ಲದ, ಹಲಾಲ್ ಲಾಭ ಎಂಬ ಹೆಸರಿನಲ್ಲಿ ಹಣ ಸಂಗ್ರಹವಾಗಿತ್ತು. ಮಗಳ ಮದುವೆಯ ಹಣ, ನಿವೃತ್ತರ ಉಳಿತಾಯ, ವಿಧವೆಯರು ಬಳೆ ಮಾರಿ ಕೊಟ್ಟ ಹಣ. ಜನ ಆಸೆಯಿಂದ ಕೊಟ್ಟರು ಎಂದು ಬೈಯುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ನಮ್ಮ ಭಾಷೆ ಮಾತನಾಡುವವರು, ನಮ್ಮ ಹಾಗೆ ಸಲಾಮ್ ಹೇಳುವವರು, ಶಾಲೆಗೆ ಸಹಾಯ ಮಾಡುವವರು ಎಂಬ ನಂಬಿಕೆಯಿಂದ ಹೆಚ್ಚಿನವರು ಕೊಟ್ಟರು. ಮನುಷ್ಯ ಸಂಬಂಧವನ್ನೇ ಬಲೆಯಾಗಿ ಬೀಸಬಹುದು ಎಂಬುದು ಅಲ್ಲಿ ಕಂಡಿತು.

ಅಂಥ ಬಲೆಯನ್ನು ಗುರುತಿಸಲು ದೊಡ್ಡ ಓದು ಬೇಕಿಲ್ಲ, ಏಳನೆಯ ತರಗತಿಯ ಗಣಿತ ಸಾಕು. ತಿಂಗಳಿಗೆ ಶೇ. 2.5 ಲಾಭವೆಂದರೆ ವರ್ಷಕ್ಕೆ ಶೇ. 30. ನಮ್ಮ ಪೇಟೆಯ ಯಾವ ಬಟ್ಟೆ ಅಂಗಡಿಗೆ ಆಷಾಢದಲ್ಲೂ ದೀಪಾವಳಿಯಲ್ಲೂ ರಮಜಾನಿನಲ್ಲೂ ಒಂದೇ ಸಮ ಲಾಭ ಬರುತ್ತದೆ? ನಿಜವಾದ ಪಾಲುದಾರಿಕೆಯಲ್ಲಿ ಲಾಭ ಏರುತ್ತದೆ, ಇಳಿಯುತ್ತದೆ, ಒಮ್ಮೊಮ್ಮೆ ನಷ್ಟವೂ ಪಾಲಿಗೆ ಬರುತ್ತದೆ. ಪ್ರತಿ ತಿಂಗಳು ಹೆಚ್ಚುಕಡಿಮೆ ಒಂದೇ ಸಮ ಬರುವ ಲಾಭ ವ್ಯಾಪಾರದ್ದಲ್ಲ, ಬಹಳ ಸಲ ಅದು ಹಿಂದಿನಿಂದ ಬಂದವನ ಅಸಲು. ಅಪರಿಚಿತ ಯೋಜನೆಯಲ್ಲಿ ಹಣ ಇಡುವ ಮೊದಲು ಇದು ಯಾರಲ್ಲಿ ನೋಂದಣಿಯಾಗಿದೆ, ಯಾವ ವ್ಯಾಪಾರ, ಕಳೆದ ವರ್ಷ ಯಾವ ತಿಂಗಳಲ್ಲಿ ಕಡಿಮೆ ಬಂತು ಎಂದು ಕೇಳಿರಿ. ಮೂರನೆಯ ಪ್ರಶ್ನೆಗೆ ಸಿಟ್ಟು ಮಾಡಿಕೊಂಡರೆ ಎದ್ದು ಬನ್ನಿರಿ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ 2019ರಲ್ಲೇ ಬಂದಿದೆ. ರಿಸರ್ವ್ ಬ್ಯಾಂಕಿನ 'ಸಚೇತ್' ಜಾಲತಾಣದಲ್ಲಿ ದೂರು ಕೊಡಬಹುದು. ಆದರೆ ಹೋದ ಹಣದ ಹಿಂದೆ ಕಾಯ್ದೆ ನಿಧಾನವಾಗಿ ನಡೆಯುತ್ತದೆ.

ಈಗ ಇನ್ನೊಂದು ಬದಿ ನೋಡೋಣ. ಲೆಕ್ಕ ಚೊಕ್ಕವಾಗಿರುತ್ತದೆ, ಕಾರ್ಡು ಅಚ್ಚಾಗಿರುತ್ತದೆ, ಆದರೆ ಮನುಷ್ಯ ಇರುವುದಿಲ್ಲ. 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯಲ್ಲಿ ಪ್ರೊ. ಮುಹಮ್ಮದ್ ಯೂನುಸ್ ಅವರು 42 ಜನರಿಗೆ ಒಟ್ಟು 27 ಡಾಲರ್ ಸಾಲ ಕೊಟ್ಟು ಶುರುಮಾಡಿದ ಕೆಲಸಕ್ಕೆ 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆಗ ನಮಗೆಲ್ಲ ಹೆಮ್ಮೆಯಾಗಿತ್ತು. ಗುಂಪಿನ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಆಸರೆ ಎಂಬುದು ಮೂಲ ಕಲ್ಪನೆ. ನಮ್ಮ ಓಣಿಗಳಿಗೆ ಬರುವಷ್ಟರಲ್ಲಿ ಆಸರೆಯು ಕಾವಲಾಗಿ ಮಾರ್ಪಟ್ಟಿದೆ. ಒಬ್ಬಳು ಕಂತು ತಪ್ಪಿಸಿದರೆ ಉಳಿದ ಒಂಬತ್ತು ಜನ ಆಕೆಯ ಬಾಗಿಲಲ್ಲಿ ಕೂರಬೇಕು. ಕಣಗಿನಹಾಳದಲ್ಲಿಯೂ ಒಬ್ಬರಿಗೊಬ್ಬರು ಹೊಣೆಯೇ ಇದ್ದರು. ವ್ಯತ್ಯಾಸ ಏನೆಂದರೆ ಅಲ್ಲಿ ಸಾಲ ಮಂಜೂರು ಮಾಡುವವರೂ ಊರವರೇ, ವಹಿಯೂ ಊರಿನದೇ. ಇಲ್ಲಿ ಮಂಜೂರು ಮಾಡುವುದು ಎಲ್ಲೋ, ಹೊಣೆ ಮಾತ್ರ ಓಣಿಯದು.

2025ರ ಆರಂಭದಲ್ಲಿ ವಸೂಲಿಯ ಕಿರುಕುಳದಿಂದ ಜನ ಊರು ಬಿಟ್ಟದ್ದನ್ನೂ ಪ್ರಾಣ ಕಳೆದುಕೊಂಡದ್ದನ್ನೂ ಪತ್ರಿಕೆಗಳಲ್ಲಿ ಓದಿದ್ದೀರಿ. ಆ ಫೆಬ್ರವರಿಯಲ್ಲಿ ನಮ್ಮ ಗದಗ-ಬೆಟಗೇರಿಯಲ್ಲಿಯೇ ಬಡ್ಡಿ ವ್ಯವಹಾರದವರ ಮನೆಗಳ ಮೇಲೆ ಪೊಲೀಸರು ದಾಳಿ ಮಾಡಿದಾಗ ಕೋಟಿಗಟ್ಟಲೆ ನಗದು ಸಿಕ್ಕಿತು. ಅದೇ ತಿಂಗಳ 12ರಂದು ರಾಜ್ಯ ಸರಕಾರ ಕಿರು ಸಾಲಗಳ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಹೊರಡಿಸಿತು. ಹತ್ತು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಗಳವರೆಗೆ ದಂಡ. ನೋಂದಾಯಿತ ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕ್ 2022ರಲ್ಲಿಯೇ ನಿಯಮ ಮಾಡಿದೆ. ಕಿರು ಸಾಲ ಕೊಡುವಾಗ ಒಂದು ಕುಟುಂಬದ ಎಲ್ಲ ಸಾಲಗಳ ಕಂತು ಆ ಕುಟುಂಬದ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನು ಮಾಡುವಂತಿಲ್ಲ. ಸಾಲದ ವಿವರದ ಕಾಗದ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು.

ಮೊದಲು ಹೇಳಿದ ತಾಯಿಯ ಲೆಕ್ಕ ನೆನಪಿಸಿಕೊಳ್ಳಿರಿ. 14,000ಕ್ಕೆ ಅರ್ಧ 7,000, ಕಟ್ಟುತ್ತಿದ್ದುದು 8,400. ನಾನು ಆಕೆಗೆ ಹೇಳಿದ್ದು ಒಂದೇ ಮಾತು: ಗಂಡನಿಗೆ ಹೇಳದೆ ಇದು ಬಗೆಹರಿಯುವುದಿಲ್ಲ, ಬೇಕಾದರೆ ನಾನು ಜೊತೆಗೆ ಕೂರುತ್ತೇನೆ. ಕುಳಿತೆವು. ಆತ ಕೂಗಾಡಬಹುದೆಂದು ಆಕೆ ಹೆದರಿದ್ದರು. ಆತ ಬಹಳ ಹೊತ್ತು ಸುಮ್ಮನಿದ್ದು, ತನ್ನದೂ ಒಂದು ಸಾಲ ಇದೆ ಎಂದರು! ಇಬ್ಬರೂ ಒಬ್ಬರಿಗೊಬ್ಬರು ಹೆದರಿ ಮುಚ್ಚಿಟ್ಟಿದ್ದರು. ಮೂರನೆಯ ಸಾಲವನ್ನು ಆಕೆಯ ಅಣ್ಣ ಕರ್ಜೆ ಹಸನಾ ಎಂದು ಹಣ ಕೊಟ್ಟು ತೀರಿಸಿದರು. ಆ ಕರ್ಜೆ ಹಸನಾವನ್ನೂ ನಾವು ಕಾಗದದ ಮೇಲೆ ಬರೆದೆವು. ಉಳಿದದ್ದನ್ನು ಕಟ್ಟುತ್ತಿದ್ದಾರೆ. ಹುಡುಗ ಈಗ ಹತ್ತನೆಯ ತರಗತಿಯಲ್ಲಿದ್ದಾನೆ.

ಇಲ್ಲಿ ಒಂದು ಕಹಿ ಮಾತು ಹೇಳುತ್ತೇನೆ, ಹಿರಿಯರು ಕ್ಷಮಿಸಬೇಕು. ಬಡ್ಡಿ ತೆಗೆದುಕೊಳ್ಳುವುದು ಹರಾಮ್ ಎಂದು ಬ್ಯಾಂಕಿನಲ್ಲಿ ಉಳಿತಾಯ ಮಾಡದ ಮನೆಗಳು ನಮ್ಮಲ್ಲಿ ಇವೆ. ಆ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಉಳಿತಾಯವೇ ಇಲ್ಲದ ಕಾರಣಕ್ಕೆ ಅದೇ ಮನೆಗಳು ಕಷ್ಟ ಬಂದಾಗ ಬಡ್ಡಿ ಕೊಡಲು ವಾರವಾರವೂ ಸಾಲಿನಲ್ಲಿ ನಿಲ್ಲುತ್ತವೆ. ಅದೂ ಎಂಥ ಬಡ್ಡಿ! ದಿನಗಂತಿನ ಸಾಲದ ಲೆಕ್ಕ ಕೇಳಿರಿ. 10,000 ಸಾಲ ಎಂದು ಬರೆದುಕೊಂಡು 9,000 ಕೈಗೆ ಕೊಡುತ್ತಾರೆ. ದಿನಕ್ಕೆ 100ರಂತೆ ನೂರು ದಿನ ಕಟ್ಟಬೇಕು. ಕಟ್ಟುವವನು "ನೂರಕ್ಕೆ ಹತ್ತು, ಹೋಗಲಿ ಬಿಡ್ರಿ" ಎನ್ನುತ್ತಾನೆ. ಆದರೆ 9,000 ನೂರು ದಿನವೂ ಅವನ ಕೈಯಲ್ಲಿ ಇರುವುದಿಲ್ಲ, ಎರಡನೆಯ ದಿನದಿಂದಲೇ ಕರಗುತ್ತಿರುತ್ತದೆ. ಸರಾಸರಿ ಅವನ ಬಳಿ ಇರುವುದು ಅದರ ಅರ್ಧ ಮಾತ್ರ. ಆ ಅರ್ಧಕ್ಕೆ ನೂರು ದಿನಕ್ಕೆ 1,000 ರೂಪಾಯಿ ಎಂದರೆ ವರ್ಷದ ಲೆಕ್ಕದಲ್ಲಿ ಶೇ. 80ರ ಆಸುಪಾಸಿನಲ್ಲಿ ಬೀಳುತ್ತದೆ. ಉಳಿತಾಯದ ಮೇಲೆ ಬಂದ ಬಡ್ಡಿಯನ್ನು ಏನು ಮಾಡಬೇಕು ಎಂಬುದನ್ನು ಉಲಮಾಗಳನ್ನು ಕೇಳಿರಿ, ಅವರು ದಾರಿ ಹೇಳುತ್ತಾರೆ. ಉಳಿತಾಯವನ್ನೇ ಬಿಡುವುದು ದಾರಿಯಲ್ಲ.

ಯೋಜನೆ ಎಂದರೆ ತಿಂಗಳ ಸಂಬಳ ಬರುವವರಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ನಮ್ಮ ಪಾಲಕರಲ್ಲಿ ಸಂಬಳದವರು ಕಡಿಮೆ. ಹಮಾಲರಿಗೆ ಸುಗ್ಗಿಯಲ್ಲಿ ಕೆಲಸ. ಗಾದಿ ತುಂಬುವವರಿಗೆ ಮದುವೆಯ ಸೀಜನ್, ಮಳೆ ಹತ್ತಿದರೆ ಅರಳೆ ಒಣಗುವುದಿಲ್ಲ. ಹಣ್ಣಿನ ಗಾಡಿಯವರಿಗೆ ರಮಜಾನ್. ಇಂಥವರು ತಿಂಗಳ ಬಜೆಟ್ ಬರೆದು ಪ್ರಯೋಜನವಿಲ್ಲ, ವರ್ಷದ ಕೆಟ್ಟ ತಿಂಗಳು ಯಾವುದೆಂದು ಮೊದಲು ಹುಡುಕಬೇಕು. ಶಿಕ್ಷಕಿಯಾಗಿ ನನಗೆ ಕಾಣುವ ಕೆಟ್ಟ ತಿಂಗಳು ಜೂನ್. ದುಡಿಮೆ ಇಳಿದಿರುತ್ತದೆ, ಪಠ್ಯಪುಸ್ತಕ, ಸಮವಸ್ತ್ರ, ಫೀ ಒಟ್ಟಿಗೆ ಬರುತ್ತವೆ. ಜೂನಿಗೆ 6,000 ಬೇಕೆಂದಾದರೆ ದಿನಕ್ಕೆ 20 ರೂಪಾಯಿ, ಮುನ್ನೂರು ದಿನ. ಅದು ಎರಡು ಚಹಾದ ಲೆಕ್ಕ. ಪಿಗ್ಮಿಗೆ ಕೊಡಿರಿ, ಅಂಚೆ ಕಚೇರಿಯ ಆರ್.ಡಿ.ಯಲ್ಲಿ ಇಡಿರಿ, ಅಲ್ಲಿ ತಿಂಗಳಿಗೆ 100 ರೂಪಾಯಿಯಿಂದ ಶುರುಮಾಡಬಹುದು. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಜಾರಿಗೆ ಬಂದ ಮೇಲೆ ತಾಯಂದಿರ ಹೆಸರಿಗೆ ತಿಂಗಳಿಗೆ 2,000 ಎಂಬ ಒಂದು ಆಧಾರ ಸಿಕ್ಕಿದೆ. ಅದರಲ್ಲಿ 300 ಆದರೂ ಜೂನಿನ ಹೆಸರಿನಲ್ಲಿ ಬೇರೆ ಇಡಬಹುದು.

ಭಿಶಿಯ ಬಗ್ಗೆಯೂ ಕೇಳುತ್ತೀರಿ. ಹನ್ನೆರಡು ಜನ ಹೆಣ್ಣುಮಕ್ಕಳು ತಿಂಗಳಿಗೆ ಸಾವಿರ ಹಾಕಿ ಸರದಿಯಂತೆ ಹನ್ನೆರಡು ಸಾವಿರ ಎತ್ತುವ ಭಿಶಿ ನನಗೆ ಇಷ್ಟ. ಬಡ್ಡಿಯಿಲ್ಲ, ಸೇರಿದ ಹೊತ್ತಿಗೆ ಕಷ್ಟಸುಖದ ಮಾತೂ ಆಗುತ್ತದೆ. ಯಾರಿಗಾದರೂ ಆಪರೇಷನ್ ಇದ್ದರೆ ಸರದಿ ಬಿಟ್ಟುಕೊಡುತ್ತಾರೆ, ಇಷ್ಟು ಮೃದುವಾದ ನಿಯಮ ಯಾವ ಬ್ಯಾಂಕಿನಲ್ಲೂ ಇಲ್ಲ. ಆದರೆ ಪುಸ್ತಕ ಎರಡಿರಲಿ, ಬೇರೆ ಬೇರೆ ಇಬ್ಬರ ಮನೆಯಲ್ಲಿ ಇರಲಿ, ಎತ್ತಿದವರ ಸಹಿ ಇರಲಿ. ಪರಿಚಯವಿಲ್ಲದವರು ಸೇರಿ ಐವತ್ತು ಜನವಾದ ಕೂಡಲೆ ಅದು ಭಿಶಿಯಲ್ಲ, ಅದರಿಂದ ದೂರವಿರಿ.

ಈಗ ಯಾರೂ ಮನೆಯಲ್ಲಿ ಆಡದ ಮಾತು. ಯಜಮಾನ ತೀರಿಕೊಂಡರೆ ಕಾಗದ ಎಲ್ಲಿದೆ ಎಂಬುದು. ಮುಂಡರಗಿ ಕಡೆಯ ಒಬ್ಬ ತಾಯಿ ಗಂಡನ ಮರಣದ ನಂತರ ಖಾತೆ ಮುಚ್ಚುವ ಅರ್ಜಿ ಬರೆಸಲು ಬಂದಿದ್ದರು. ಪಾಸ್‌ಬುಕ್ಕಿನಲ್ಲಿ 436 ರೂಪಾಯಿ ಕಡಿತವಾದ ಒಂದು ಸಾಲು ಕಂಡಿತು. ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ವಾರ್ಷಿಕ ಕಂತು, ಎರಡು ಲಕ್ಷದ ವಿಮೆ. ಗಂಡ ಬ್ಯಾಂಕಿನಲ್ಲಿ ಎಂದೋ ಸಹಿ ಮಾಡಿದ್ದರು, ಮನೆಯಲ್ಲಿ ಹೇಳಿರಲಿಲ್ಲ. ಅರ್ಜಿ ಹಾಕಿದೆವು, ಹಣ ಬಂತು, ಮಗಳು ಪಿಯುಸಿ ಮುಂದುವರಿಸಿದಳು. ಆ ಸಾಲನ್ನು ಓದದೆ ಖಾತೆ ಮುಚ್ಚಿದ್ದರೆ? ಅದೇ ರೀತಿ 20 ರೂಪಾಯಿ ಕಡಿತವಾಗಿದ್ದರೆ ಅದು ಅಪಘಾತ ವಿಮೆ. ವಿಮೆಯ ಬಗ್ಗೆ ಉಲಮಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ. ನಾನು ಫತ್ವಾ ಕೊಡುವವಳಲ್ಲ, ಪಾಸ್‌ಬುಕ್ಕಿನಲ್ಲಿರುವುದನ್ನು ಓದಿ ಹೇಳುವವಳು. ಖಾತೆಗೆ ನಾಮಿನಿ ಹೆಸರು ಇದೆಯೇ ನೋಡಿಸಿರಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಮಾಡುವ ಅವಕಾಶ ಬಂದಿದೆ. ತೀರಿಕೊಂಡ ಹಿರಿಯರ ಮರೆತುಹೋದ ಠೇವಣಿ ಹುಡುಕಲು ರಿಸರ್ವ್ ಬ್ಯಾಂಕ್ 2023ರಲ್ಲಿ 'ಉದ್ಗಮ್' ಜಾಲತಾಣ ಮಾಡಿದೆ, ಮೊಬೈಲ್ ಬಲ್ಲ ಮಕ್ಕಳಿಂದ ನೋಡಿಸಬಹುದು.

ಇನ್ನು ಈ ಸಭೆಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ. ನಿಮ್ಮಲ್ಲಿ ಎಲ್ಐಸಿ ಏಜೆಂಟರಿದ್ದೀರಿ, ಸಹಕಾರಿ ಸಂಘಗಳ ಗುಮಾಸ್ತರಿದ್ದೀರಿ, ಫೈನಾನ್ಸ್ ಕಂಪನಿಗಳಲ್ಲಿ ವಸೂಲಿಗೆ ಹೋಗುವವರೂ ಇದ್ದೀರಿ. ನಿಮ್ಮ ಮೇಲೂ ಟಾರ್ಗೆಟ್ ಎಂಬ ಕತ್ತಿ ತೂಗುತ್ತಿದೆ ಎಂದು ನನಗೆ ಗೊತ್ತು. ನಿಮ್ಮಲ್ಲೊಬ್ಬ ನನ್ನ ಹತ್ತಿರ ಬಂದು, "ಟೀಚರ್, ದಿನಾ ಬೈಸಿಕೊಂಡು ನಿದ್ದೆ ಬರಾಕತ್ತಿಲ್ರಿ" ಎಂದು ಹೇಳಿದ್ದಾನೆ. ಆದರೂ ಇಷ್ಟು ಮಾಡಬಹುದು: ಪಾಲಿಸಿ ಮಾರುವ ಮೊದಲು ಆ ಮನೆಯ ಕೆಟ್ಟ ತಿಂಗಳು ಯಾವುದೆಂದು ಕೇಳಿರಿ. ಐದನೆಯ ವರ್ಷ ಕಟ್ಟಲಾಗದೆ ಬಿಟ್ಟುಹೋಗುವ ಪಾಲಿಸಿಯಿಂದ ನಿಮಗೆ ಕಮಿಷನ್ ಬರಬಹುದು, ಆ ಮನೆಯವರು ಮಾತ್ರ ಇನ್ನೊಮ್ಮೆ ನಿಮ್ಮನ್ನು ಒಳಗೆ ಕರೆಯುವುದಿಲ್ಲ. ಕಂತು ಕಟ್ಟದವರ ಮನೆಗೆ ಹೋದಾಗ ಮಕ್ಕಳ ಮುಂದೆ ಹಣದ ಮಾತು ಆಡಬೇಡಿರಿ. ಅಪ್ಪನಿಗೆ ಬಾಗಿಲಲ್ಲಿ ಬೈದದ್ದನ್ನು ಕೇಳಿದ ಹುಡುಗ ಮರುದಿನ ನನ್ನ ತರಗತಿಯಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂರುತ್ತಾನೆ. ಅವನ ಕಾಪಿ ತಿದ್ದುವವಳು ನಾನು, ನನಗೆ ಗೊತ್ತಾಗುತ್ತದೆ. ಯಾರಾದರೂ ಬದುಕೇ ಸಾಕಾಯಿತು ಎಂಬಂತೆ ಮಾತನಾಡಿದರೆ ಕಂತಿನ ಕಾರ್ಡು ಚೀಲದಲ್ಲಿಟ್ಟು ಅವರ ಪಕ್ಕ ಕೂರಿರಿ, ಮನೆಯವರನ್ನು ಕರೆಯಿರಿ. 14416 ಎಂಬ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ, ಕರೆ ಉಚಿತ, ಕನ್ನಡದಲ್ಲಿಯೂ ಮಾತನಾಡುತ್ತಾರೆ.

ಕೊನೆಯದಾಗಿ ಸಂಸ್ಥೆಯ ಪದಾಧಿಕಾರಿಗಳಲ್ಲಿ ಒಂದು ಬಿನ್ನಹ. ತಿಂಗಳಿಗೊಂದು ಭಾನುವಾರ ಶಾಲೆಯ ಒಂದು ಕೋಣೆಯನ್ನು ಎರಡು ತಾಸು ತೆರೆದಿಡಿರಿ. ನಿವೃತ್ತ ಬ್ಯಾಂಕ್ ನೌಕರರೊಬ್ಬರು, ಹಿರಿಯ ವಿದ್ಯಾರ್ಥಿಗಳಿಬ್ಬರು, ಒಬ್ಬ ಶಿಕ್ಷಕಿ ಇದ್ದರೆ ಸಾಕು. ಯಾರು ಬೇಕಾದರೂ ಯಾವ ಕಾಗದವನ್ನಾದರೂ ತರಲಿ, ಯಾವ ಜಾತಿ ಧರ್ಮವೆಂದು ಕೇಳುವುದು ಬೇಡ. ಆ ಕೋಣೆಯಲ್ಲಿ ಯಾರೂ ಯಾವ ಪಾಲಿಸಿಯನ್ನೂ ಮಾರಬಾರದು, ಯಾರ ಹಣವನ್ನೂ ಕೈಯಲ್ಲಿ ಹಿಡಿಯಬಾರದು. ಕೇಳಿದ್ದು ಹೊರಗೆ ಹೋಗಬಾರದು. ಹೇಳಿದ್ದನ್ನು ಅವರವರ ಭಾಷೆಯಲ್ಲಿ, ಉರ್ದುವಿನಲ್ಲಿಯೋ ಕನ್ನಡದಲ್ಲಿಯೋ, ಒಂದು ಹಾಳೆಯಲ್ಲಿ ಬರೆದುಕೊಡಬೇಕು. ಗಂಡಹೆಂಡತಿ ಇಬ್ಬರೂ ಬಂದರೆ ಅವರ ಕೆಲಸ ಮೊದಲು.

ಪದಾಧಿಕಾರಿಗಳು ಒಪ್ಪಿದರೆ ಬರಹದ ಕೆಲಸ ನನ್ನದು. ಬರುವಾಗ ಪಾಸ್‌ಬುಕ್ಕಿಗೆ ಎಂಟ್ರಿ ಮಾಡಿಸಿಕೊಂಡು ಬನ್ನಿರಿ, ಸಾಲದ ಕಾರ್ಡುಗಳಿದ್ದರೆ ಎಲ್ಲವನ್ನೂ ತನ್ನಿರಿ, ಒಂದನ್ನೂ ಮನೆಯಲ್ಲಿ ಬಿಡಬೇಡಿರಿ.